ಡೋಸ್: ಕೊಟ್ಟದ್ದೆಷ್ಟು, ತಗುಲಿದ್ದೆಷ್ಟು

ಬೋನ್ ಸ್ಕ್ಯಾನ್‌ಗೆಂದು ನ್ಯೂಕ್ಲಿಯರ್ ಮೆಡಿಸಿನ್ ವಿಭಾಗಕ್ಕೆ ಹೋದವರ ಕಿವಿಗೆ ಒಂದೇ ಬೆಳಿಗ್ಗೆ ಎರಡು ಬಗೆಯ 'ಡೋಸ್' ಬೀಳುತ್ತದೆ. ಒಳಗಿನಿಂದ ಟೆಕ್ನೀಷಿಯನ್ 'ಡೋಸ್ ರೆಡಿ ಇದೆ, ಕಳಿಸಿ' ಎನ್ನುತ್ತಾರೆ. ಅವರ ಲೆಕ್ಕದಲ್ಲಿ ಡೋಸ್ ಎಂದರೆ ಸಿರಿಂಜಿನಲ್ಲಿರುವುದು, 20 ಮಿಲಿಕ್ಯೂರಿ. ಜೊತೆಗೆ ಬಂದ ಮಗಳು 'ಅಮ್ಮನಿಗೆ ಎಷ್ಟು ಡೋಸ್ ಆಗುತ್ತೆ ಡಾಕ್ಟ್ರೇ?' ಎಂದು ಕೇಳಿದರೆ 'ಸುಮಾರು 4 ಮಿಲಿಸೀವರ್ಟ್' ಎಂಬ ಉತ್ತರ ಬರುತ್ತದೆ. ಮದ್ದು ಅದೇ, ಮೈ ಅದೇ, ಪದವೂ ಅದೇ. ಸಂಖ್ಯೆ ಮಾತ್ರ ಬೇರೆ, ಅಳೆಯುವ ಮಾನವೂ ಬೇರೆ. ಇಬ್ಬರ ಮಾತೂ ಸರಿ. ಒಬ್ಬರು ಕೊಟ್ಟದ್ದನ್ನು ಹೇಳುತ್ತಿದ್ದಾರೆ, ಇನ್ನೊಬ್ಬರು ತಗುಲಿದ್ದನ್ನು. ಹೆದರಿಕೊಂಡೇ ಬಂದಿರುವ ಮನೆಯವರಿಗೆ ಇದನ್ನು ಬಿಡಿಸಿ ಹೇಳುವವರು ಕಡಿಮೆ. ಪದದ ಚರಿತ್ರೆ ನೋಡಿದರೆ ಈ ಗೊಂದಲ ಎಲ್ಲಿ ಹುಟ್ಟಿತು ಎನ್ನುವುದು ತಿಳಿಯುತ್ತದೆ.

ಗ್ರೀಕ್‌ನಲ್ಲಿ 'ದೋಸಿಸ್' ಎಂದರೆ ಕೊಡುವಿಕೆ, ಕೊಟ್ಟ ಪಾಲು. ಅದರ ಧಾತು ಸಂಸ್ಕೃತದ 'ದಾ' ಧಾತುವಿನ ಒಡಹುಟ್ಟು. ಹಾಗಾಗಿ ನಮ್ಮ ದಾನ, ದತ್ತಿ, ದತ್ತು ಎಲ್ಲವೂ ಡೋಸ್‌ನ ದೂರದ ನೆಂಟರೇ. ಇಂಗ್ಲಿಷಿನ ಡೇಟಾ ಕೂಡ 'ಕೊಟ್ಟದ್ದು' ಎಂಬ ಲ್ಯಾಟಿನ್ ಪದವೇ ಆದ್ದರಿಂದ, ಅದಕ್ಕೆ ಕನ್ನಡದಲ್ಲಿ 'ದತ್ತಾಂಶ' ಎಂದವರು ಬೇರನ್ನು ಸರಿಯಾಗಿಯೇ ಹಿಡಿದಿದ್ದಾರೆ. ಗ್ರೀಕ್ ವೈದ್ಯರು ಒಂದು ಸಲಕ್ಕೆ ಕೊಡುವ ಮದ್ದಿನ ಪಾಲನ್ನು ದೋಸಿಸ್ ಎಂದರು. ಅಲ್ಲಿಂದ ಲ್ಯಾಟಿನ್, ಫ್ರೆಂಚ್ ದಾಟಿ 15ನೇ ಶತಮಾನದ ಹೊತ್ತಿಗೆ ಪದ ಇಂಗ್ಲಿಷಿಗೆ ಬಂತು.

ಜರ್ಮನಿಯಲ್ಲಿ ಈ ಪದಕ್ಕೆ ವಿಚಿತ್ರವಾದ ಕವಲೊಂದು ಒಡೆಯಿತು. ಅಲ್ಲಿ 'ಗಿಫ್ಟ್' ಎಂದರೆ ವಿಷ. ಮೂಲದಲ್ಲಿ ಅದಕ್ಕೂ ಕೊಡುಗೆ ಎಂದೇ ಅರ್ಥವಿತ್ತು. ಬಳುವಳಿಗೆ ಹೇಳುವ 'ಮಿಟ್‌ಗಿಫ್ಟ್' ಪದದಲ್ಲಿ ಆ ಹಳೆಯ ಅರ್ಥ ಇಂದಿಗೂ ಉಳಿದಿದೆ. ದೋಸಿಸ್‌ನ ಛಾಯೆಯಲ್ಲಿ 'ಕೊಟ್ಟದ್ದು' ಎಂಬ ಸೌಮ್ಯ ಮಾತು ಮದ್ದಿನ ಕಡೆಗೆ ಹೊರಳಿ, ಕೊನೆಗೆ ವಿಷದಲ್ಲಿ ನಿಂತಿತು. ನಮ್ಮ ಹಳ್ಳಿಗಳಲ್ಲಿ 'ಮದ್ದು ಹಾಕಿದ್ದಾರೆ' ಎಂದರೆ ಏನರ್ಥವೋ ಬಲ್ಲವರಿಗೆ ಇದು ಹೊಸದೆನಿಸದು. 1538ರಲ್ಲಿ ವೈದ್ಯ ಪ್ಯಾರಾಸೆಲ್ಸಸ್, ವಿಷವಲ್ಲದ ವಸ್ತುವೇ ಇಲ್ಲ, ವಿಷವಾಗದಂತೆ ಮಾಡುವುದು ಡೋಸ್ ಮಾತ್ರ ಎಂಬ ಅರ್ಥದ ಮಾತನ್ನು ಜರ್ಮನ್‌ನಲ್ಲಿ ಬರೆದಾಗ 'ಗಿಫ್ಟ್', 'ದೋಸಿಸ್' ಎರಡನ್ನೂ ಒಂದೇ ವಾಕ್ಯದಲ್ಲಿ ಬಳಸಿದ. ಬೇರಿನಲ್ಲಿ ಎರಡೂ ಕೊಡುಗೆಯೇ.

ನಮ್ಮ ಕಡೆ ಇದೇ ವಿಚಾರ ಬೇರೊಂದು ಧಾತುವಿನಿಂದ ಹೊರಟಿತು. ಸಂಸ್ಕೃತ ವೈದ್ಯರಿಗೆ ಮುಖ್ಯವಾದದ್ದು ಅಳತೆ. 'ಮಾ' ಎಂದರೆ ಅಳೆ. ಅದರಿಂದ ಬಂದವು ಮಾನ, ಮಿತಿ, ಪ್ರಮಾಣ, ಮಾತ್ರಾ. ಚರಕ ಸಂಹಿತೆಯ ಸೂತ್ರಸ್ಥಾನದ ಐದನೆಯ ಅಧ್ಯಾಯದ ಹೆಸರೇ 'ಮಾತ್ರಾಶಿತೀಯ'. ಎಲ್ಲರಿಗೂ ಒಂದೇ ಮಾತ್ರೆ ಸಲ್ಲದು, ಅದು ಉಣ್ಣುವವನ ಅಗ್ನಿಬಲಕ್ಕೆ ತಕ್ಕಂತೆ ಇರಬೇಕು ಎನ್ನುವುದು ಅಲ್ಲಿನ ವಿಚಾರ. ಕನ್ನಡದಲ್ಲಿ ಛಂದಸ್ಸಿನವರು ಮಾತ್ರೆಯನ್ನು ಕಾಲದ ಅಳತೆಯಾಗಿ ಉಳಿಸಿಕೊಂಡರು: ಲಘುವಿಗೆ ಒಂದು, ಗುರುವಿಗೆ ಎರಡು. ವೈದ್ಯದಲ್ಲಿ ಮಾತ್ರ ಅಳತೆಯ ಹೆಸರು ಅಳೆದ ವಸ್ತುವಿಗೇ ಅಂಟಿಕೊಂಡು ಮಾತ್ರೆ ಎಂದರೆ ಗುಳಿಗೆಯೇ ಆಯಿತು. ಹಾಗೆ ತೆರವಾದ ಜಾಗಕ್ಕೆ ಬರಹದಲ್ಲಿ 'ಪ್ರಮಾಣ' ಬಂತು, ಬಾಯಲ್ಲಿ 'ಡೋಸ್' ಬಂತು.

ಡೋಸ್ ನಮ್ಮ ಮನೆಗಳಿಗೆ ಬಂದದ್ದು ಮಿಕ್ಸ್ಚರ್ ಬಾಟಲಿಯ ಜೊತೆ. ಕಂಪೌಂಡರು ಉದ್ದನೆಯ ಕಾಗದದ ಪಟ್ಟಿಯನ್ನು ಮಡಿಸಿ, ಅಂಚಿನಲ್ಲಿ ಕತ್ತರಿಯಿಂದ ಕಚ್ಚು ಹಾಕಿ, ಬಿಡಿಸಿ, ಅಂಟು ಸವರಿ ಬಾಟಲಿಯ ಮೈಗೆ ನೆಟ್ಟಗೆ ಅಂಟಿಸುತ್ತಿದ್ದರು. ಒಂದು ಕಚ್ಚಿನಿಂದ ಇನ್ನೊಂದು ಕಚ್ಚಿಗೆ ಒಂದು ಡೋಸ್. ಓದು ಬಾರದ ಅಜ್ಜಿಯೂ ಬಾಟಲಿಯನ್ನು ಬೆಳಕಿಗೆ ಹಿಡಿದು, ಇವತ್ತಿನ ಮೂರು ಹೊತ್ತಿನದು ಮುಗಿಯಿತೇ ಎಂದು ಹೇಳಬಲ್ಲವಳಾಗಿದ್ದಳು. ಕೊಡುವುದು, ಅಳೆಯುವುದು ಎರಡೂ ಆ ಕಾಗದದ ಪಟ್ಟಿಯಲ್ಲಿ ಒಂದಾಗಿದ್ದವು.

1895ರಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ ಮೇಲೆ ಈ ನೆಮ್ಮದಿ ಕೆಟ್ಟಿತು. ಕಿರಣದಿಂದ ಚರ್ಮರೋಗ ವಾಸಿ ಮಾಡಲು ಹೊರಟ ವೈದ್ಯರು ಔಷಧದ ಪದವನ್ನೇ ಹೊತ್ತೊಯ್ದರು. ಆದರೆ ಕಣ್ಣಿಗೆ ಕಾಣದ ಕಿರಣವನ್ನು ಅಳೆಯಲು ಚಮಚ ಎಲ್ಲಿದೆ? ಅವರ ಕೈಗೆ ಸಿಕ್ಕ ಅಳತೆ ರೋಗಿಯ ಚರ್ಮ. ಅದು ಕೆಂಪಾಗುವಷ್ಟು ಕಿರಣಕ್ಕೆ 'ಎರಿತಿಮಾ ಡೋಸ್' ಎಂದು ಹೆಸರಾಯಿತು. ವಿಯೆನ್ನಾದ ಹೋಲ್ಟ್ಸ್‌ಕ್ನೆಕ್ಟ್ 1902ರಲ್ಲಿ, ಪ್ಯಾರಿಸಿನ ಸಬುರೋ ಮತ್ತು ನ್ವಾರೆ 1904ರಲ್ಲಿ ಚರ್ಮದ ಬದಲು ಕಿರಣ ಬಿದ್ದರೆ ಬಣ್ಣ ಬದಲಿಸುವ ಲವಣಗಳನ್ನು ಮುಂದಿಟ್ಟರು. ಫ್ರೆಂಚರ ಬಿಲ್ಲೆ ಹಸಿರಿನಿಂದ ಕಂದುಹಳದಿಗೆ ತಿರುಗಿ ಗೊತ್ತಾದ ಛಾಯೆಗೆ ಬಂದರೆ ಯಂತ್ರ ನಿಲ್ಲಿಸಬೇಕು. ಹೋಲ್ಟ್ಸ್‌ಕ್ನೆಕ್ಟ್ ಸ್ವತಃ ವಿಕಿರಣದ ಗಾಯಗಳಿಂದ ನರಳಿ 1931ರಲ್ಲಿ ತೀರಿಕೊಂಡರು. ಡೋಸ್ ಅಳೆಯುವ ದಾರಿ ಹುಡುಕಿದವರು ಅದಕ್ಕೆ ತೆತ್ತ ಬೆಲೆಯನ್ನು ಮರೆಯಲಾಗದು. ಪದದ ಮುಖ ತಿರುಗಿದ್ದೂ ಇದೇ ಹೊತ್ತಿನಲ್ಲಿ. ಡೋಸ್ ಕೊಡುವವರ ಕೈಯಿಂದ ಪಡೆಯುವವರ ಮೈಗೆ ದಾಟಿತು. ಮುಂದಿನ ಮಾನಗಳೆಲ್ಲ ಆ ದಿಕ್ಕಿನಲ್ಲೇ ಸಾಗಿದವು: 1928ರಲ್ಲಿ ರಾಂಟ್‌ಜನ್, 1953ರಲ್ಲಿ ರ್‍ಯಾಡ್, 1975ರಲ್ಲಿ ಒಂದು ಕಿಲೋ ಅಂಗಾಂಶಕ್ಕೆ ಒಂದು ಜೌಲ್ ಶಕ್ತಿ ಎಂಬ ಗ್ರೇ, 1979ರಲ್ಲಿ ಅಪಾಯದ ತೂಕವನ್ನೂ ಸೇರಿಸಿದ ಸೀವರ್ಟ್.

ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಕಿರಣ ಯಂತ್ರದಿಂದ ಹೊರಡುವುದಿಲ್ಲ. ರೋಗಿಯೊಳಗೆ ಹೋದ ಮದ್ದಿನಿಂದಲೇ ಅದು ಹೊರಗೆ ಬರುತ್ತದೆ. ಹಾಗಾಗಿ ಇಲ್ಲಿ ಕಂಪೌಂಡರ ಕೆಲಸ ಮರಳಿ ಬಂತು, ಅದರ ಜೊತೆ ಡೋಸ್‌ನ ಹಳೆಯ ಅರ್ಥವೂ. ಹಾಟ್ ಲ್ಯಾಬ್‌ನಲ್ಲಿ ಸೀಸದ ಮರೆಯ ಹಿಂದೆ ನಿಂತ ಟೆಕ್ನೀಷಿಯನ್ ಮದ್ದನ್ನು ಸಿರಿಂಜಿಗೆ ಎಳೆದು, ಬಾವಿಯಂಥ ಕುಳಿಯಿರುವ ಉಪಕರಣಕ್ಕೆ ಇಳಿಸಿ, ಅಂಕಿ ನೋಡಿ, ಗಂಟೆ-ನಿಮಿಷ ಸಮೇತ ಬರೆದುಕೊಳ್ಳುತ್ತಾರೆ. ಸಮಯ ಬರೆಯಲೇಬೇಕು. ಮದ್ದಿನಲ್ಲಿ ಕಿರಣ ಸೂಸುವ ಟೆಕ್ನೀಷಿಯಂ-99ಎಂ ಎಂಬ ಧಾತು ಆರು ಗಂಟೆಗೆ ಅರ್ಧವಾಗುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ 25 ಮಿಲಿಕ್ಯೂರಿ ಇದ್ದದ್ದು ಹನ್ನೊಂದಕ್ಕೆ 20ಕ್ಕೆ ಇಳಿದಿರುತ್ತದೆ. ಚುಚ್ಚಿದ ಮೇಲೆ ಖಾಲಿ ಸಿರಿಂಜನ್ನು ಮತ್ತೆ ಅದೇ ಕುಳಿಗೆ ಇಳಿಸಿ, ಉಳಿಕೆಯನ್ನು ಕಳೆಯುತ್ತಾರೆ. ಒಳಗೆ ಹೋದದ್ದೆಷ್ಟು ಎನ್ನುವುದು ಹೀಗೆ ಖಚಿತವಾಗುತ್ತದೆ. ಆ ಉಪಕರಣದ ಹೆಸರು ಡೋಸ್ ಕ್ಯಾಲಿಬ್ರೇಟರ್. ಅದು ಅಳೆಯುವುದು ಸೆಕೆಂಡಿಗೆ ಎಷ್ಟು ಪರಮಾಣು ಒಡೆಯುತ್ತವೆ ಎನ್ನುವುದನ್ನು. ಒಂದು ಮಿಲಿಕ್ಯೂರಿ ಎಂದರೆ ಸೆಕೆಂಡಿಗೆ 3.7 ಕೋಟಿ, ಅಂದರೆ 37 ಮೆಗಾಬೆಕೆರೆಲ್. ಪುಸ್ತಕದವರು ಇದಕ್ಕೆ 'ಆಕ್ಟಿವಿಟಿ' ಎನ್ನಿ, ಡೋಸ್ ಎನ್ನಬೇಡಿ ಎಂದು ತಿದ್ದುತ್ತಲೇ ಬಂದಿದ್ದಾರೆ. ಹಾಟ್ ಲ್ಯಾಬ್ ಕೇಳಿಲ್ಲ. 'ಡೋಸ್ ಬಂತಾ?' ಎಂದರೆ ಅಲ್ಲಿ ಸೀಸದ ಡಬ್ಬಿಯೇ ಬಂತೇ ಎಂದರ್ಥ. ಮಾತ್ರೆಗೆ ಕನ್ನಡದಲ್ಲಿ ಆದದ್ದೇ ಡೋಸ್‌ಗೆ ಇಲ್ಲಿ ಆಗಿದೆ.

ಎರಡು ಅರ್ಥಗಳ ನಡುವಿನ ದೂರ ಎಷ್ಟೆಂದು ತಿಳಿಯಲು ಥೈರಾಯ್ಡ್ ನೋಡಿದರೆ ಸಾಕು. ಥೈರಾಯ್ಡ್ ಸ್ಕ್ಯಾನ್‌ಗೆ 5 ಮಿಲಿಕ್ಯೂರಿ ಟೆಕ್ನೀಷಿಯಂ ಕೊಟ್ಟರೆ ಇಡೀ ದೇಹಕ್ಕೆ ಹೊಂದಿಸಿದ ಲೆಕ್ಕದಲ್ಲಿ ತಗುಲುವುದು 2.4 ಮಿಲಿಸೀವರ್ಟ್‌ನಷ್ಟು. ಅದು ಜಗತ್ತಿನಲ್ಲಿ ಸರಾಸರಿ ಮನುಷ್ಯನಿಗೆ ಮಣ್ಣು, ಗಾಳಿ, ಆಕಾಶಗಳಿಂದ ಒಂದು ವರ್ಷದಲ್ಲಿ ಬರುವಷ್ಟೇ. ಅದೇ 5 ಮಿಲಿಕ್ಯೂರಿ ಅಯೋಡಿನ್-131 ಕೊಟ್ಟರೆ ಆ ಗ್ರಂಥಿಗೆ ಬೀಳುವುದು ಸಾವಿರಾರು ಪಟ್ಟು ಹೆಚ್ಚು. ಅಯೋಡಿನ್ ಎಂಟು ದಿನಕ್ಕೆ ಅರ್ಧವಾಗುತ್ತದೆ, ಗ್ರಂಥಿ ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಅದರ ಬೀಟಾ ಕಣ ಹೊರಗೆ ಹೋಗದೆ ಅಲ್ಲೇ ಇಂಗುತ್ತದೆ. ರೋಗ ಸುಡಲು ಅದನ್ನು ಬಳಸುವುದೂ ಅದಕ್ಕೇ. ಎಲೆಗೆ ಬಡಿಸಿದ್ದೆಲ್ಲ ಒಂದೇ ಸಮನಾಗಿ ಮೈಗೆ ಹತ್ತುವುದಿಲ್ಲವಲ್ಲ, ಹಾಗೆ. ಬೋನ್ ಸ್ಕ್ಯಾನ್ ಚುಚ್ಚುಮದ್ದಿನ ನಂತರ 'ಚೆನ್ನಾಗಿ ನೀರು ಕುಡೀರಿ, ಆಗಾಗ ಬಾತ್‌ರೂಮಿಗೆ ಹೋಗಿ ಬನ್ನಿ' ಎಂದು ಸಿಸ್ಟರ್ ಹೇಳುವುದೂ ಈ ಕಾರಣಕ್ಕೆ. ಕೊಟ್ಟದ್ದು ಆಗಲೇ ಕೊಟ್ಟಾಗಿದೆ. ಮೂತ್ರಕೋಶಕ್ಕೆ ತಗುಲುವುದನ್ನು ಇನ್ನೂ ಇಳಿಸಬಹುದು. ಆ ಮಾತನ್ನು ಕಾಯುತ್ತಾ ಕೂತವರು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಕು.

ವಯಸ್ಕ ರೋಗಿಗಳಿಗೆ ಎಷ್ಟು ಕೊಡುವುದು ವಾಡಿಕೆ ಎಂದು ಹೇಳುವ 'ಡಯಾಗ್ನಾಸ್ಟಿಕ್ ರೆಫರೆನ್ಸ್ ಲೆವೆಲ್' ಎಂಬುದನ್ನು ಅಂತರರಾಷ್ಟ್ರೀಯ ವಿಕಿರಣ ರಕ್ಷಣಾ ಆಯೋಗ 1996ರಲ್ಲಿ ಹೆಸರಿಸಿತು, 2017ರಲ್ಲಿ ವಿವರವಾಗಿ ವಿಸ್ತರಿಸಿತು. ಒಂದು ಪರೀಕ್ಷೆಗೆ ಹಲವು ಆಸ್ಪತ್ರೆಗಳು ಸಾಮಾನ್ಯವಾಗಿ ಕೊಡುವುದನ್ನು ಕಲೆಹಾಕಿ, ನಾಲ್ಕರಲ್ಲಿ ಮೂರು ಪಾಲು ಆಸ್ಪತ್ರೆಗಳು ಯಾವ ಅಂಕಿಯೊಳಗಿವೆಯೋ ಅದನ್ನು ಮಟ್ಟವೆಂದು ಇಡುತ್ತಾರೆ. ನ್ಯೂಕ್ಲಿಯರ್ ಮೆಡಿಸಿನ್‌ನಲ್ಲಿ ಈ ಮಟ್ಟ ಇರುವುದು ಮೆಗಾಬೆಕೆರೆಲ್‌ನಲ್ಲಿ, ಅಂದರೆ ಕೊಟ್ಟದ್ದರಲ್ಲಿ. ಅದೇ ಸರಿ, ಏಕೆಂದರೆ ಕೊಟ್ಟದ್ದನ್ನು ಅಳೆಯಬಹುದು. ತಗುಲಿದ್ದು ಯಾವತ್ತೂ ಅಂದಾಜು. 4 ಮಿಲಿಸೀವರ್ಟ್ ಎಂಬ ಅಂಕಿ ಆ ತಾಯಿಯ ಮೈಯನ್ನು ಅಳೆದು ಬಂದದ್ದಲ್ಲ. ಕಾಗದದ ಮೇಲಿನ ಮಾದರಿ ವಯಸ್ಕ ದೇಹವೊಂದಕ್ಕೆ ಮಾಡಿದ ಲೆಕ್ಕ ಅದು.

ಕನ್ನಡದಲ್ಲಿ ಈ ಮಟ್ಟವನ್ನು 'ಮಿತಿ' ಎಂದು ಕರೆದರೆ ಅನ್ಯಾಯವಾಗುತ್ತದೆ. ಮಿತಿ ಇರುವುದು ವಿಕಿರಣದ ನಡುವೆ ದುಡಿಯುವ ಕೆಲಸಗಾರರಿಗೆ: ಭಾರತದಲ್ಲಿ ಐದು ವರ್ಷಕ್ಕೆ 100 ಮಿಲಿಸೀವರ್ಟ್, ಯಾವ ಒಂದು ವರ್ಷದಲ್ಲೂ 30 ದಾಟುವಂತಿಲ್ಲ. ರೋಗಿಗೆ ಅಂಥ ಮಿತಿಯೇ ಇಲ್ಲ, ಏಕೆಂದರೆ ಕಿರಣ ತಗುಲುವುದು ಯಾರಿಗೋ ಅವರಿಗೇ ಅದರ ಪ್ರಯೋಜನ. ಮಟ್ಟ ಇರುವುದು ಆಸ್ಪತ್ರೆ ತನ್ನ ವಾಡಿಕೆಯನ್ನು ನೋಡಿಕೊಳ್ಳಲು, ಒಬ್ಬೊಬ್ಬ ರೋಗಿಯನ್ನು ಅಳೆಯಲು ಅಲ್ಲ. ಸದಾ ಮೇಲೆ ಇದ್ದರೆ ಏಕೆಂದು ಕೇಳಿಕೊಳ್ಳಬೇಕು. ತೀರಾ ಕೆಳಗಿದ್ದರೂ ಕೇಳಿಕೊಳ್ಳಬೇಕು. ಚಿತ್ರ ಮಸುಕಾಗಿ ಮತ್ತೆ ಚುಚ್ಚಬೇಕಾಗಿ ಬಂದರೆ ಆ ಮೊದಲ ಡೋಸ್ ಪೂರ್ತಿ ವ್ಯರ್ಥ.

ನನಗೆ ಹೆಚ್ಚು ಕಾಳಜಿ ಇರುವುದು ತೂಕದ ವಿಷಯದಲ್ಲಿ. ಮಟ್ಟಗಳನ್ನು ಕಟ್ಟುವಾಗ ಮನಸ್ಸಿನಲ್ಲಿರುವ ವಯಸ್ಕ ಸುಮಾರು 70 ಕೆ.ಜಿ. ತೂಗುತ್ತಾನೆ. ನಮ್ಮ ವಾರ್ಡುಗಳಲ್ಲಿ ಕಾಯಿಲೆಯಿಂದ ಸೊರಗಿ 45 ಕೆ.ಜಿ.ಗೆ ಇಳಿದ ಹೆಂಗಸರು ಎಷ್ಟೋ. ಪೆಟ್ ಸ್ಕ್ಯಾನ್‌ಗೆ ಎಲ್ಲರಿಗೂ ಒಂದೇ 10 ಮಿಲಿಕ್ಯೂರಿ ಕೊಡುವ ಬದಲು ತೂಕ ನೋಡಿ, ಕಿಲೋಗೆ 5 ಮೆಗಾಬೆಕೆರೆಲ್‌ನಂತೆ ಲೆಕ್ಕ ಹಾಕಿದರೆ ಆಕೆಗೆ 370ರ ಬದಲು 225 ಮೆಗಾಬೆಕೆರೆಲ್ ಸಾಕಾಗುತ್ತದೆ. ಅದಕ್ಕೆ ಬೇಕಾದದ್ದು ಚುಚ್ಚುವ ಮುನ್ನ ಆಕೆಯನ್ನು ತಕ್ಕಡಿಯ ಮೇಲೆ ನಿಲ್ಲಿಸುವುದು, ವರದಿಯಲ್ಲಿ 'ಡೋಸ್' ಎಂದು ಒಂದೇ ಸಾಲು ಗೀಚದೆ, ಕೊಟ್ಟ ಪ್ರಮಾಣ ಎಂದೊಂದು, ತಗುಲಿದ ಅಂದಾಜು ಎಂದೊಂದು, ಎರಡು ಸಾಲು ಬರೆಯುವುದು.