ಆಳಕಡಲಿನ ಹಾವುಮೀನು: ದಾಖಲೆಯ ಮೌನದ ಒಂದು ಪ್ರಕರಣ

ಲಿನ್ನೇಯಸನು 1758ರಲ್ಲಿ ಹಾವಿನಾಕೃತಿಯ ಮೀನುಗಳನ್ನು ಮುರೀನಾ ಎಂಬ ಕುಲದಲ್ಲಿ ಸೇರಿಸಿದ್ದನು. 1789ರಲ್ಲಿ ಉಪ್ಸಾಲದಲ್ಲಿ, ಥುನ್‌ಬೆರ್ಗನ ಅಧ್ಯಕ್ಷತೆಯಲ್ಲಿ ಮಂಡಿತವಾದ ಆಹ್ಲನ ಪ್ರಬಂಧವು ಅದರಿಂದ ಆಫಿಕ್ಥಸ್ ಎಂಬ ಕುಲವನ್ನು ಬೇರ್ಪಡಿಸಿತು. ಗ್ರೀಕ್ ಮೂಲದ ಆ ಹೆಸರಿಗೆ 'ಹಾವು-ಮೀನು' ಎಂದೇ ಅರ್ಥ. ನಮ್ಮ ಕರಾವಳಿಯ ಜನರಾದರೋ ಗ್ರೀಕಿನ ಹಂಗಿಲ್ಲದೆ ಇಂಥ ಮೀನುಗಳನ್ನು ಹಾವುಮೀನು ಎಂದೇ ಕರೆದಿದ್ದಾರೆ.

ಟಿಪ್ಪುವಿನ ಪತನಾನಂತರ 1800-01ರಲ್ಲಿ ಮೈಸೂರು, ಕನ್ನಡ ಜಿಲ್ಲೆಗಳಲ್ಲಿ ಸಂಚರಿಸಿದ ಬುಕಾನನ್ನನನ್ನು ನಾವು ಕೃಷಿ, ಕಂದಾಯಗಳ ವಿವರಕ್ಕಾಗಿಯೇ ಓದುತ್ತೇವೆ. ಮುಂದೆ ಹ್ಯಾಮಿಲ್ಟನ್ ಎಂಬ ಹೆಸರನ್ನು ತಳೆದ ಆತನೇ 1822ರಲ್ಲಿ ಗಂಗಾನದಿಯ ಮೀನುಗಳನ್ನು ಕುರಿತ ಗ್ರಂಥದಲ್ಲಿ ಇದೇ ಕುಟುಂಬದ 'ಬೋರೋ' ಎಂಬ ಪ್ರಭೇದವನ್ನು ವರ್ಣಿಸಿದನು. ಅಳಿವೆಗಳ ಮೀನು ಹೀಗೆ ಬೇಗನೆ ಗ್ರಂಥಸ್ಥವಾಯಿತು. ಆಳನೀರಿನ ಅದರ ಬಂಧುಗಳ ಗತಿಯೇ ಬೇರೆ.

1872ರಿಂದ 1876ರವರೆಗೆ ಚಾಲೆಂಜರ್ ಹಡಗು ಸಾಗರಗಳ ತಳವನ್ನು ಶೋಧಿಸಿತು. ನಮ್ಮ ಸಮುದ್ರಗಳಲ್ಲಿ ಇನ್ವೆಸ್ಟಿಗೇಟರ್ ಹಡಗಿನ ವೈದ್ಯನೂ ಪ್ರಕೃತಿವಿಜ್ಞಾನಿಯೂ ಆಗಿದ್ದ ಆಲ್ಕಾಕನು 1889ರಲ್ಲಿ ಕೊಲೊಕಾಂಗರ್ ಎಂಬ ಬೇರೊಂದು ಕುಟುಂಬದ ಆಳಕಡಲಿನ ಹಾವುಮೀನನ್ನು ಹೆಸರಿಸಿದನು. ಆದರೆ ಆಫಿಕ್ಥಸ್ ಕುಲದ ಮೀನಿನ ಬಾಲದ ತುದಿಯು ಈಜುರೆಕ್ಕೆಯಿಲ್ಲದ ಗಡಸು ಮೊನೆ. ಅದರಿಂದಲೇ ಕೆಸರನ್ನು ತಿವಿದು ಹಿಮ್ಮುಖವಾಗಿ ಹೂತುಕೊಳ್ಳುವ ಪ್ರಾಣಿಯ ಮೇಲೆ ತಳ ಸವರುವ ಬಲೆ ಸುಮ್ಮನೆ ಹಾದುಹೋಗಬಹುದು. ಆದ್ದರಿಂದ ಹಳೆಯ ಪಟ್ಟಿಗಳಲ್ಲಿ ಇವು ಕಾಣದಿದ್ದ ಮಾತ್ರಕ್ಕೆ ಕಡಲಿನಲ್ಲಿ ಇರಲಿಲ್ಲವೆಂದು ತೀರ್ಮಾನಿಸುವುದು ಸಾಧುವಲ್ಲ. ಶಾಸನ ದೊರೆಯದ ಊರನ್ನು ನಿರ್ಜನವೆಂದು ಬರೆಯುವ ಅವಸರವೂ ಇದೇ ಜಾತಿಯದು.

ಸಿಕ್ಕಿದ ಮೀನನ್ನು ಗುರುತಿಸುವುದೂ ಸುಲಭವಲ್ಲ. ಹೊರನೋಟಕ್ಕೆ ಒಂದೇ ತೆರನಾದ ಕಂದುಬಣ್ಣದ ದೇಹಗಳನ್ನು ಹಲ್ಲುಗಳ ಸಾಲು, ತಲೆಯ ಮೇಲಣ ರಂಧ್ರಗಳು, ಬೆನ್ನುಮೂಳೆಯ ಮಣಿಗಳ ಸಂಖ್ಯೆ ಇವುಗಳಿಂದ ವಿಂಗಡಿಸಬೇಕಾಗುತ್ತದೆ. ಮಣಿಗಳನ್ನೆಣಿಸಲು ಕ್ಷಕಿರಣ ಚಿತ್ರಗಳು ಒದಗಿದ ಮೇಲೆ ಈ ಕಾರ್ಯವು ಹೊಸ ತಿರುವನ್ನು ಪಡೆಯಿತು. ಅಮೆರಿಕದ ಜಾನ್ ಮೆಕ್‌ಕಾಸ್ಕರ್ ಅವರು 1977ರಲ್ಲಿ ಕುಟುಂಬದ ಅಸ್ಥಿರಚನೆಯನ್ನೂ ವರ್ಗೀಕರಣವನ್ನೂ ವಿಮರ್ಶಿಸಿದರು. 2010ರಲ್ಲಿ ಹಿಂದೂ ಮತ್ತು ಪೆಸಿಫಿಕ್ ಸಾಗರಗಳ ಆಳನೀರಿನ ಆಫಿಕ್ಥಸ್‌ಗಳನ್ನು ಪರಿಶೀಲಿಸಿ, ಒಂದೇ ಪ್ರಬಂಧದಲ್ಲಿ 9 ಹೊಸ ಪ್ರಭೇದಗಳನ್ನು ವರ್ಣಿಸಿದರು. ಆಹ್ಲನ ಪ್ರಬಂಧಕ್ಕೆ ಆಗ 221 ವರ್ಷಗಳು ಸಂದಿದ್ದವು.