ಸಾಲದ ಬಿಡುಗಡೆ: ದೈವವೋ ಪುರುಷಪ್ರಯತ್ನವೋ?

‘ಅಜ್ಜಾರ, ಇದೆಲ್ಲ ನಮ್ಮ ಹಣೇಬರಹ’ ಎಂಬ ಮಾತನ್ನು ಸಾಲಕ್ಕೆ ಸಿಕ್ಕಿದ ರೈತನ ಬಾಯಿಂದ ನಾವು ಮೇಲಿಂದ ಮೇಲೆ ಕೇಳುತ್ತೇವೆ. ಸಾಲ ತೀರಿಸಿದವನಾದರೋ ಅದನ್ನು ತನ್ನ ದುಡಿಮೆಯ ಫಲವೆಂದೇ ಹೇಳುತ್ತಾನೆ. ಇವೆರಡರಲ್ಲಿ ಯಾವುದು ದಿಟ? ಗದಗ ಸೀಮೆಯ ಇತಿಹಾಸವನ್ನು ಮುಂದಿಟ್ಟುಕೊಂಡು ಇದನ್ನು ವಿಚಾರಿಸೋಣ.

1861ರಲ್ಲಿ ಅಮೆರಿಕೆಯಲ್ಲಿ ಅಂತರ್ಯುದ್ಧ ಆರಂಭವಾಯಿತು. ಅಲ್ಲಿಯ ಹತ್ತಿ ಇಂಗ್ಲೆಂಡಿನ ಗಿರಣಿಗಳಿಗೆ ಬಾರದಾದಾಗ ಧಾರವಾಡ ಜಿಲ್ಲೆಯ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂದಿತು. ಎರೆಹೊಲದ ಅರಳೆಯು ಬಂಡಿಗಳಲ್ಲಿ ಘಟ್ಟವಿಳಿದು ಕುಮಟಾ ಬಂದರನ್ನು ಸೇರಿತು. ಇದಕ್ಕಾಗಿ ನಮ್ಮ ರೈತನು ಮಾಡಿದ ವಿಶೇಷ ಸಾಹಸವಾದರೂ ಏನು? ಕಾಣದ ದೇಶದ ಕಲಹವೇ ಅವನಿಗೆ ಭಾಗ್ಯವಾಯಿತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಕುಸಿಯಿತು. ಮುಂದೆ 1876ರಿಂದ 1878ರ ವರೆಗಿನ ಘೋರ ಕ್ಷಾಮ ಬಂದಿತು. ಅದೂ ಅವನ ತಪ್ಪಿನ ಫಲವಲ್ಲ. ಈ ನಡುವೆ, 1875ರಲ್ಲಿ, ಪುಣೆ ಮತ್ತು ಅಹಮದನಗರ ಜಿಲ್ಲೆಗಳ ರೈತರು ರೊಚ್ಚಿಗೆದ್ದು ಸಾಹುಕಾರರ ಸಾಲಪತ್ರಗಳನ್ನು ಸುಟ್ಟರು. ಆದರೆ ಮುಂದಿನ ಬಿತ್ತನೆಗೆ ಹಣ ಬೇಕಾದಾಗ ರೈತನು ಮತ್ತೆ ಸಾಹುಕಾರನ ಬಾಗಿಲಿಗೇ ಹೋಗಬೇಕಾಗಿತ್ತು.

ಈ ಏಳುಬೀಳುಗಳ ಕಾಲದಲ್ಲಿಯೇ ಬೆಳೆದವರು ಗದಗ ತಾಲೂಕಿನ ಕಣಗಿನಹಾಳದ ಸಿದ್ಧನಗೌಡ ಸಣ್ಣರಾಮನಗೌಡ ಪಾಟೀಲರು. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಜಾರಿಗೆ ಬಂದಿತು. ಮರುವರ್ಷವೇ, ಅರವತ್ತು ದಾಟಿದ ವಯಸ್ಸಿನಲ್ಲಿ, ಅವರು ತಮ್ಮ ಊರಿನ ರೈತರನ್ನು ಕೂಡಿಸಿ ಸಂಘ ಕಟ್ಟಿದರು. ನಾಡಿನ ಮೊದಮೊದಲ ಸಹಕಾರ ಸಂಘಗಳಲ್ಲಿ ಅದೊಂದು.

ಆ ಕಾಯಿದೆಯ ಒಂದು ನಿಬಂಧನೆಯನ್ನು ವಾಚಕರು ಲಕ್ಷ್ಯವಿಟ್ಟು ನೋಡಬೇಕು. ಗ್ರಾಮೀಣ ಸಂಘದ ಸದಸ್ಯರ ಹೊಣೆಗೆ ಮಿತಿಯಿರಲಿಲ್ಲ. ಸಂಘವು ತನ್ನ ಸಾಲ ತೀರಿಸಲಾರದೆ ಹೋದರೆ ಪ್ರತಿಯೊಬ್ಬ ಸದಸ್ಯನ ಹೊಲಮನೆಯೂ ಅದಕ್ಕೆ ಈಡು. ನೆರೆಯವನ ಎತ್ತು ಸತ್ತರೆ, ಅವನು ಮದುವೆಗೆಂದು ಕೈಮೀರಿ ಖರ್ಚು ಮಾಡಿದರೆ, ಅದರ ಬಿಸಿ ತನಗೂ ತಟ್ಟುವುದೆಂದು ತಿಳಿದೇ ಪ್ರತಿಯೊಬ್ಬನೂ ಸದಸ್ಯನಾಗಬೇಕಾಗಿತ್ತು. ಸಹಕಾರವೆಂದರೆ ಸರಕಾರದ ಹಣವೆಂದು ಬಗೆಯುವವರು ಇದನ್ನು ಮರೆಯುತ್ತಾರೆ. ಬಂದ ಲಾಭವೂ ಮೊದಲು ಸೇರಬೇಕಾದದ್ದು ಮೀಸಲು ನಿಧಿಯನ್ನೇ. ಮಳೆಯಾಗಲಿ ಹತ್ತಿಯ ಧಾರಣೆಯಾಗಲಿ ಈ ರೈತರ ವಶದಲ್ಲಿರಲಿಲ್ಲ. ಒಬ್ಬನ ದುರ್ದೈವವನ್ನು ಹಲವರು ಹಂಚಿಕೊಳ್ಳುವುದು ಮಾತ್ರ ಅವರ ವಶದಲ್ಲಿತ್ತು. ಅದನ್ನೇ ಅವರು ಆಯ್ದುಕೊಂಡರು. ಪುರುಷಪ್ರಯತ್ನವೆಂದು ನಾವು ಕರೆಯುವುದು ಇದನ್ನು.

ಹಾಗೆಂದು ದೈವದ ಪಾಲನ್ನು ಅಲ್ಲಗಳೆಯಲಾಗದು. ಕಾಯಿದೆಯು ಮೂವತ್ತು ವರ್ಷ ಮೊದಲೇ ಬಂದಿದ್ದರೆ ಕ್ಷಾಮದಲ್ಲಿ ಎಷ್ಟೋ ಹೊಲಗಳು ಉಳಿಯುತ್ತಿದ್ದವೇನೋ. ಗೌಡರಿಗೆ ಭೂಮಿಯಿತ್ತು, ಊರಿನಲ್ಲಿ ಮಾತು ನಡೆಯುತ್ತಿತ್ತು. ಅಂಥ ಊರುಗಳಲ್ಲಿ ಅಂಗೈಯಗಲ ನೆಲವೂ ಇಲ್ಲದ ಕೂಲಿಯವನೂ ಇದ್ದನು. ಅವನ ಜಾಮೀನನ್ನು ಯಾರು ಒಪ್ಪಬೇಕು? ಅವನೂ ಹಗಲಿರುಳು ದುಡಿದವನೇ. ಇಂದು ಮಠಕ್ಕೆ ಬಂದು ‘ಹಣೇಬರಹ’ ಎನ್ನುವವನು ಅವನ ಮೊಮ್ಮಗನಾದರೆ, ಆ ಮಾತನ್ನು ಸೋಮಾರಿಯ ನೆಪವೆಂದು ತಳ್ಳಿಹಾಕಲು ನಮಗೆ ಮನಸ್ಸು ಬಾರದು.