ಪಿ.ಯು.ಸಿ. ನಂತರ ಯಾವ ದಾರಿ? ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಮಕ್ಕಳಿಗಾಗಿ ಒಂದು ಮಾಹಿತಿ



ಪಿ.ಯು.ಸಿ. ಫಲಿತಾಂಶ ಬಂದ ವಾರ ಧರ್ಮಗುರುಗಳ ಮನೆಯ ಜಗಲಿಗೆ ಬರುವ ಹೆತ್ತವರ ಪ್ರಶ್ನೆ ಹೆಚ್ಚುಕಡಿಮೆ ಒಂದೇ: "ಫಾದರ್, ಯಾವ ಕೋರ್ಸಿಗೆ ಸೇರಿಸಿದರೆ ಕೆಲಸ ಸಿಗುತ್ತದೆ?" ಕರಾವಳಿಯಲ್ಲಿ ಈ ಪ್ರಶ್ನೆಗೆ ಉತ್ತರಿಸಲು ನೆರೆಯಲ್ಲಿ ಹತ್ತು ಜನ ಸಿಗುತ್ತಾರೆ, ಪ್ರತಿ ಮನೆಯಲ್ಲೂ ಕಾಲೇಜು ಓದಿದವರಿದ್ದಾರೆ. ಬಯಲುಸೀಮೆಯ ಚಿತ್ರದುರ್ಗ ಜಿಲ್ಲೆಯಲ್ಲಿ ಹಾಗಲ್ಲ. ಅಲ್ಲಿ ಎಷ್ಟೋ ಕುಟುಂಬಗಳಲ್ಲಿ ಕಾಲೇಜಿನ ಮೆಟ್ಟಿಲು ಹತ್ತುವ ಮೊದಲ ವ್ಯಕ್ತಿ ಈ ವರ್ಷ ಪಿ.ಯು.ಸಿ. ಮುಗಿಸಿದ ಮಗ ಅಥವಾ ಮಗಳೇ.

ಈ ಜಿಲ್ಲೆ ನಮಗೆ ದೂರದ್ದಲ್ಲ. 1988ರ ನವೆಂಬರ್ 14ರಂದು ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರದಲ್ಲಿ ಶಿವಮೊಗ್ಗ, ದಾವಣಗೆರೆ ಜಿಲ್ಲೆಗಳೊಂದಿಗೆ ಚಿತ್ರದುರ್ಗವೂ ಸೇರಿದೆ. 2000ದಿಂದ ಅಲ್ಲಿ ಧರ್ಮಾಧ್ಯಕ್ಷರಾಗಿದ್ದ ಅತಿ ವಂದನೀಯ ಜೆರಾಲ್ಡ್ ಐಸಾಕ್ ಲೋಬೊರವರು 2012ರಲ್ಲಿ ಉಡುಪಿಯ ಪ್ರಥಮ ಧರ್ಮಾಧ್ಯಕ್ಷರಾದರು. ನಮ್ಮ ಕರಾವಳಿಯ ಧರ್ಮಗುರುಗಳೂ ಧರ್ಮಭಗಿನಿಯರೂ ಅಲ್ಲಿ ಸೇವೆ ಸಲ್ಲಿಸುತ್ತಾ ಬಂದಿದ್ದಾರೆ. ಅಲ್ಲಿರುವ ಹೆತ್ತವರಿಗೂ, ಅವರಿಗೆ ಸಲಹೆ ನೀಡಬೇಕಾದ ಧರ್ಮಕೇಂದ್ರದ ಕಾರ್ಯಕರ್ತರಿಗೂ ನೆರವಾಗಲೆಂದು ಈ ಮಾಹಿತಿ.

ವಿಶ್ವವಿದ್ಯಾನಿಲಯ ಹತ್ತಿರ ಬಂದ ಬಗೆ

ಈ ನಾಲ್ಕು ತಾಲೂಕುಗಳ ಬಿ.ಎ., ಬಿ.ಎಸ್ಸಿ., ಬಿ.ಕಾಂ., ಬಿ.ಬಿ.ಎ., ಬಿ.ಸಿ.ಎ. ಪದವಿಗಳು ಇಂದು ದಾವಣಗೆರೆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿವೆ. ಇದರ ಬೀಜ 1979ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ದಾವಣಗೆರೆಯಲ್ಲಿ ತೆರೆದ ಸ್ನಾತಕೋತ್ತರ ಕೇಂದ್ರ. 1987ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯ ಸ್ಥಾಪನೆಯಾದಾಗ ಆ ಕೇಂದ್ರ ಅದಕ್ಕೆ ಸೇರಿತು. 2009ರಲ್ಲಿ ದಾವಣಗೆರೆ ಮತ್ತು ಚಿತ್ರದುರ್ಗ ಜಿಲ್ಲೆಗಳಿಗೆಂದೇ ಪ್ರತ್ಯೇಕ ವಿಶ್ವವಿದ್ಯಾನಿಲಯವಾಯಿತು. ಮುಖ್ಯ ಆವರಣ ದಾವಣಗೆರೆ ಬಳಿಯ ತೋಳಹುಣಸೆಯ ಶಿವಗಂಗೋತ್ರಿ. ಚಿತ್ರದುರ್ಗದ ಹತ್ತಿರ ಗುಡ್ಡದರಂಗವ್ವನಹಳ್ಳಿಯಲ್ಲಿ ಜ್ಞಾನಗಂಗೋತ್ರಿ ಎಂಬ ಸ್ನಾತಕೋತ್ತರ ಕೇಂದ್ರವಿದೆ.

ಹಿಂದೆ ಒಂದು ಅಂಕಪಟ್ಟಿ ತಿದ್ದಿಸಲು ಶಂಕರಘಟ್ಟದವರೆಗೆ ಹೋಗಬೇಕಾಗಿದ್ದ ಹೊಸದುರ್ಗದ ವಿದ್ಯಾರ್ಥಿಗೆ ಇದು ಸಣ್ಣ ಅನುಕೂಲವಲ್ಲ. 2002ರ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯ ವರದಿ ಹೊಸದುರ್ಗವನ್ನು ಅತ್ಯಂತ ಹಿಂದುಳಿದ ತಾಲೂಕುಗಳ ಪಟ್ಟಿಯಲ್ಲಿ ಸೇರಿಸಿತ್ತು. ಅಂಥ ಕಡೆ ವಿಶ್ವವಿದ್ಯಾನಿಲಯ ಹತ್ತಿರ ಬಂದರೆ ಮೊದಲ ಲಾಭ ಬಡವರ ಮನೆಯ ಹೆಣ್ಣುಮಕ್ಕಳಿಗೆ.

ಎಲ್ಲ ಪದವಿಯೂ ಒಂದೇ ವಿಶ್ವವಿದ್ಯಾನಿಲಯದ್ದಲ್ಲ

ಹೆತ್ತವರು ಹೆಚ್ಚಾಗಿ ಎಡವುವುದು ಇಲ್ಲಿ. ಒಂದೇ ಊರಿನ ಕಾಲೇಜುಗಳು ಬೇರೆ ಬೇರೆ ವಿಶ್ವವಿದ್ಯಾನಿಲಯಗಳಿಗೆ ಸೇರಿವೆ. ಪ್ರವೇಶದ ಬಾಗಿಲೂ ಬೇರೆ ಬೇರೆ.

* ಕಲೆ, ವಿಜ್ಞಾನ, ವಾಣಿಜ್ಯ, ಬಿ.ಬಿ.ಎ., ಬಿ.ಸಿ.ಎ.: ದಾವಣಗೆರೆ ವಿಶ್ವವಿದ್ಯಾನಿಲಯ. ಪ್ರವೇಶದ ನೋಂದಣಿ, ಫಲಿತಾಂಶ ಎಲ್ಲವೂ ರಾಜ್ಯದ ಯು.ಯು.ಸಿ.ಎಂ.ಎಸ್. ತಂತ್ರಾಂಶದ ಮೂಲಕ. ನಾಲ್ಕು ಪಟ್ಟಣಗಳಲ್ಲೂ ಸರಕಾರಿ ಪದವಿ ಕಾಲೇಜುಗಳಿವೆ.
* ಇಂಜಿನಿಯರಿಂಗ್: ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾನಿಲಯ. ಸಿ.ಇ.ಟಿ. ಬರೆಯಬೇಕು.
* ನರ್ಸಿಂಗ್, ಫಾರ್ಮಸಿ, ಆಯುರ್ವೇದ: ಬೆಂಗಳೂರಿನ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಆಯುರ್ವೇದಕ್ಕೆ ನೀಟ್ ಪರೀಕ್ಷೆ ಬೇಕು. ಹೊಳಲ್ಕೆರೆ ತಾಲೂಕಿನ ಮಲ್ಲಾಡಿಹಳ್ಳಿಯಲ್ಲಿ ರಾಘವೇಂದ್ರ ಸ್ವಾಮೀಜಿಯವರು ಕಟ್ಟಿದ ಆಶ್ರಮದ ಆಯುರ್ವೇದ ಕಾಲೇಜು ಬಹಳ ಹೆಸರುವಾಸಿ.
* ಕಾನೂನು: ಹುಬ್ಬಳ್ಳಿಯ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾನಿಲಯ.
* ಕೃಷಿ, ತೋಟಗಾರಿಕೆ: ಶಿವಮೊಗ್ಗದ ಕೃಷಿ ಮತ್ತು ತೋಟಗಾರಿಕಾ ವಿಜ್ಞಾನಗಳ ವಿಶ್ವವಿದ್ಯಾನಿಲಯ. ಹಿರಿಯೂರಿನ ಬಬ್ಬೂರು ಫಾರ್ಮ್‌ನ ಸಂಶೋಧನಾ ಕೇಂದ್ರ ಇದರದ್ದೇ. ಇದಕ್ಕೂ ಸಿ.ಇ.ಟಿ. ಬೇಕು, ಕೃಷಿಕರ ಮಕ್ಕಳ ಮೀಸಲಾತಿ ಬಯಸುವವರು ಪ್ರತ್ಯೇಕ ಪ್ರಾಯೋಗಿಕ ಪರೀಕ್ಷೆಗೂ ಹಾಜರಾಗಬೇಕು.

ಪ್ರವೇಶ ಶುಲ್ಕ ಕಟ್ಟುವ ಮೊದಲು ಕಾಲೇಜಿನ ಕಚೇರಿಯಲ್ಲಿ ಎರಡೇ ಮಾತು ಕೇಳಿರಿ: ಈ ಪದವಿಯ ಪ್ರಮಾಣಪತ್ರ ಯಾವ ವಿಶ್ವವಿದ್ಯಾನಿಲಯದ್ದು? ಈ ವರ್ಷದ ಮಾನ್ಯತೆಯ ಪತ್ರ ಎಲ್ಲಿ? ಕೇಳಲು ಸಂಕೋಚ ಬೇಡ.

ಮೂರು ವರ್ಷವೋ, ನಾಲ್ಕು ವರ್ಷವೋ?

ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಕರ್ನಾಟಕದಲ್ಲಿ 2021-22ರಿಂದ ನಾಲ್ಕು ವರ್ಷದ ಆನರ್ಸ್ ಪದವಿ ಬಂತು. 2024-25ರಿಂದ ರಾಜ್ಯ ಸರಕಾರ ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆದುದರಿಂದ ಅಣ್ಣನ ಪಠ್ಯಕ್ರಮ ತಮ್ಮನಿಗೆ ಅನ್ವಯಿಸದೆ ಇರಬಹುದು. ಹಳೆಯ ಪುಸ್ತಕ ಕೊಳ್ಳುವ ಮುಂಚೆ ವಿಚಾರಿಸಿರಿ. ಅದೇ ವರ್ಷದಿಂದ ಬಿ.ಬಿ.ಎ., ಬಿ.ಸಿ.ಎ. ಕೋರ್ಸುಗಳು ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತಿನ (ಎ.ಐ.ಸಿ.ಟಿ.ಇ.) ಅನುಮೋದನೆಯ ವ್ಯಾಪ್ತಿಗೆ ಬಂದಿವೆ. ರಾಜ್ಯದ ಆಯ್ದ ಸರಕಾರಿ ಕಾಲೇಜುಗಳಲ್ಲಿ ಅಪ್ರೆಂಟಿಸ್ ತರಬೇತಿಯನ್ನು ಒಳಗೊಂಡ ಬಿ.ಕಾಂ. ಪದವಿಯೂ ಆರಂಭವಾಗಿದೆ, ಇದರಲ್ಲಿ ವಿದ್ಯಾರ್ಥಿಯು ಓದಿನ ಅವಧಿಯಲ್ಲೇ ಸಂಸ್ಥೆಯೊಂದರಲ್ಲಿ ದುಡಿದು ಭತ್ಯೆ ಪಡೆಯುತ್ತಾನೆ. ನಿಮ್ಮ ಕಾಲೇಜಿನಲ್ಲಿ ಇದು ಇದೆಯೇ ಎಂದು ಕೇಳಿ ನೋಡಿರಿ.

ಊರಿನ ದುಡಿಮೆ ನೋಡಿ ಪದವಿ ಆರಿಸಿರಿ

ಕೋರ್ಸಿನ ಹೆಸರು ಹೊಸದಾಗಿದ್ದ ಮಾತ್ರಕ್ಕೆ ಕೆಲಸ ಸಿಗುವುದಿಲ್ಲ. ಬಿ.ಸಿ.ಎ. ಓದಿದ ಎಲ್ಲರಿಗೂ ಬೆಂಗಳೂರು ಕಾದು ಕುಳಿತಿಲ್ಲ, ಬಿ.ಎ. ಓದಿದವರೆಲ್ಲ ಮನೆಯಲ್ಲಿ ಕುಳಿತಿಲ್ಲ. ಮೊದಲು ನಮ್ಮ ಸುತ್ತ ಏನು ನಡೆಯುತ್ತಿದೆ ಎಂದು ನೋಡೋಣ.

ಹೊಳಲ್ಕೆರೆ, ಹೊಸದುರ್ಗ, ಭೀಮಸಮುದ್ರದ ಕಡೆ ಅಡಿಕೆ, ತೆಂಗಿನ ವಹಿವಾಟಿದೆ. ಹಿರಿಯೂರು, ಹೊಸದುರ್ಗದಲ್ಲಿ ದಾಳಿಂಬೆ. ಚಳ್ಳಕೆರೆಯಲ್ಲಿ ಶೇಂಗಾ ಎಣ್ಣೆ ಮಿಲ್ಲುಗಳು. ಇಲ್ಲೆಲ್ಲ ಜಿ.ಎಸ್.ಟಿ. ಲೆಕ್ಕ, ಬ್ಯಾಂಕಿನ ವ್ಯವಹಾರ ತಿಳಿದ ಬಿ.ಕಾಂ. ಪದವೀಧರನಿಗೆ ಕೆಲಸವಿದೆ, ಆದರೆ ಟ್ಯಾಲಿ ಮತ್ತು ಕಂಪ್ಯೂಟರಿನಲ್ಲಿ ಕೈ ಪಳಗಿರಬೇಕು. ರಸಾಯನಶಾಸ್ತ್ರ, ಜೀವಶಾಸ್ತ್ರ ಓದಿದ ಬಿ.ಎಸ್ಸಿ. ವಿದ್ಯಾರ್ಥಿಗೆ ಶಿವಗಂಗೋತ್ರಿಯಲ್ಲಿ ಆಹಾರ ತಂತ್ರಜ್ಞಾನ, ಸೂಕ್ಷ್ಮಜೀವಶಾಸ್ತ್ರದಂಥ ಸ್ನಾತಕೋತ್ತರ ವಿಭಾಗಗಳಿವೆ. ಬೆಳೆ ಬೆಳೆಯುವ ಜಿಲ್ಲೆಯಲ್ಲಿ ಬೆಳೆ ಸಂಸ್ಕರಿಸುವವರೂ ಬೇಕಲ್ಲವೇ? ಗುಡ್ಡಗಳ ಮೇಲೆ ಸಾಲಾಗಿ ತಿರುಗುವ ಗಾಳಿಯಂತ್ರಗಳ ನಿರ್ವಹಣೆಗೆ ಐ.ಟಿ.ಐ., ಡಿಪ್ಲೊಮಾ ಓದಿದ ಎಲೆಕ್ಟ್ರಿಷಿಯನ್‌ಗಳು ಬೇಕು. ಪದವಿಯೇ ಬೇಕೆಂದು ಹಟ ಹಿಡಿಯದೆ ಈ ದಾರಿಯನ್ನೂ ಗೌರವದಿಂದ ಕಾಣಬೇಕು.

ಚಿತ್ರ ಬರೆಯುವ ಕೈಯಿದ್ದರೆ ದಾವಣಗೆರೆಯಲ್ಲಿ 1964ರಿಂದ ಇರುವ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅದು ಈಗ ವಿಶ್ವವಿದ್ಯಾನಿಲಯದ್ದೇ ಕಾಲೇಜು. ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ರಂಗಶಾಲೆಯೂ ಹೊರಗಿನವರಿಗಿಂತ ನಮಗೆ ಹತ್ತಿರ. ಸಮಾಜ ಸೇವೆಯಲ್ಲಿ ಮನಸ್ಸಿರುವವರು ಎಂ.ಎಸ್.ಡಬ್ಲ್ಯು. ಬಗ್ಗೆ ಯೋಚಿಸಬಹುದು. ಧರ್ಮಸಭೆಯ ಸೇವಾಸಂಸ್ಥೆಗಳಿಗೂ ಅಂಥವರು ಬೇಕು.

ಬಸ್ಸು ಎಂಬ ದೊಡ್ಡ ವಿಷಯ

ಹಿರಿಯೂರಿನಿಂದ ಚಿತ್ರದುರ್ಗಕ್ಕೆ ಸುಮಾರು 40 ಕಿ.ಮೀ., ಹೊಳಲ್ಕೆರೆಯಿಂದ ಸುಮಾರು 35, ಹೊಸದುರ್ಗದಿಂದ 60ರ ಹತ್ತಿರ. ಚಿತ್ರದುರ್ಗದಿಂದ ದಾವಣಗೆರೆಗೆ ಮತ್ತೆ 60. ಇದು ಪಟ್ಟಣದಿಂದ ಪಟ್ಟಣಕ್ಕೆ. ಹಳ್ಳಿಯ ಹುಡುಗಿಗೆ ಮನೆಯಿಂದ ಮುಖ್ಯರಸ್ತೆಯ ದಾರಿ ಬೇರೆ. ಹೊಸದುರ್ಗ ರೋಡ್ ರೈಲು ನಿಲ್ದಾಣ ಹೆಸರಿಗೆ ಹೊಸದುರ್ಗದ್ದು, ಇರುವುದು ಪಟ್ಟಣದಿಂದ ದೂರ. ಹಿರಿಯೂರಿಗೆ ರೈಲಿನ ಕನಸು ತುಮಕೂರು-ದಾವಣಗೆರೆ ಮಾರ್ಗದ ಕಾಮಗಾರಿಯೊಂದಿಗೆ ಬೆಸೆದುಕೊಂಡಿದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯಿಂದ ಹೆಣ್ಣುಮಕ್ಕಳಿಗೆ ಸರಕಾರಿ ಬಸ್ಸಿನಲ್ಲಿ ಟಿಕೆಟಿನ ಹಣ ಉಳಿಯಿತು. ಆದರೆ ಈ ಜಿಲ್ಲೆಯ ಅನೇಕ ಹಳ್ಳಿದಾರಿಗಳಲ್ಲಿ ಓಡುವುದು ಖಾಸಗಿ ಬಸ್ಸು; ಅಲ್ಲಿ ಶಕ್ತಿ ಇಲ್ಲ. ಹುಡುಗರು ವರ್ಷದ ಆರಂಭದಲ್ಲೇ ವಿದ್ಯಾರ್ಥಿ ಪಾಸ್ ಮಾಡಿಸಿಕೊಳ್ಳಬೇಕು.

ನಾನು ಬಲ್ಲ ಒಬ್ಬ ತಂದೆ, ಕೂಲಿ ಮಾಡುವವರು, ಮಗಳನ್ನು ಸೇರಿಸುವ ಮೊದಲು ಒಂದು ಕೆಲಸ ಮಾಡಿದರು. ಒಂದು ಸೋಮವಾರ ಬೆಳಿಗ್ಗೆ ಮಗಳ ಜತೆ ಮೊದಲ ಬಸ್ಸು ಹತ್ತಿ ಕಾಲೇಜಿನವರೆಗೆ ಹೋಗಿ, ಸಂಜೆ ತರಗತಿ ಬಿಡುವ ಹೊತ್ತಿಗೆ ಹೊರಟು ಮನೆಗೆ ಬಂದರು. ಮನೆ ಮುಟ್ಟಿದಾಗ ರಾತ್ರಿ ಎಂಟು. "ಫಾದರ್, ಇದು ದಿನಾ ಆಗೋ ಮಾತಲ್ಲ, ಹಾಸ್ಟೆಲ್ ನೋಡೋಣ" ಎಂದರು. ಮಗಳು ಪದವಿ ಮುಗಿಸಿದಳು. ಆ ಒಂದು ದಿನದ ಕೂಲಿ ಕಳೆದುಕೊಂಡದ್ದರಿಂದ ಅವಳ ಮೂರು ವರ್ಷ ಉಳಿಯಿತು. ಅರ್ಧಕ್ಕೆ ಬಿಟ್ಟವರನ್ನು ಕೇಳಿದಾಗ ಪಾಠ ಕಷ್ಟವಾಯಿತು ಎಂದು ಹೇಳಿದವರಿಗಿಂತ ದಾರಿ ಕಷ್ಟವಾಯಿತು ಎಂದವರೇ ನನಗೆ ಹೆಚ್ಚು ಸಿಕ್ಕಿದ್ದಾರೆ.

ಹಾಸ್ಟೆಲ್, ವಿದ್ಯಾರ್ಥಿವೇತನ, ಪ್ರಮಾಣಪತ್ರ

ಹಿಂದುಳಿದ ವರ್ಗಗಳ ಇಲಾಖೆಯ (ಜನರ ಬಾಯಲ್ಲಿ ಬಿ.ಸಿ.ಎಂ.) ಹಾಸ್ಟೆಲ್‌ಗಳಂತೆ ಅಲ್ಪಸಂಖ್ಯಾತರ ಕಲ್ಯಾಣ ಇಲಾಖೆಗೂ ಮೆಟ್ರಿಕ್ ನಂತರದ ಹಾಸ್ಟೆಲ್‌ಗಳಿವೆ, ಕ್ರೈಸ್ತ ವಿದ್ಯಾರ್ಥಿಗಳೂ ಅರ್ಜಿ ಹಾಕಬಹುದು. ವಿದ್ಯಾರ್ಥಿವೇತನಕ್ಕೆ ರಾಜ್ಯದ ಎಸ್.ಎಸ್.ಪಿ. ಜಾಲತಾಣದಲ್ಲಿ ಅರ್ಜಿ. ಆಧಾರ್, ಬ್ಯಾಂಕ್ ಖಾತೆ, ಅಂಕಪಟ್ಟಿಯಲ್ಲಿ ಹೆಸರು ಒಂದೇ ರೀತಿ ಇರಬೇಕು. ಜ್ಞಾನಸ್ನಾನದ ಹೆಸರು ಒಂದು ಕಡೆ, ಮನೆಯ ಹೆಸರು ಇನ್ನೊಂದು ಕಡೆ ಇದ್ದು ಅರ್ಜಿ ನಿಂತುಹೋಗುವುದುಂಟು. ಹತ್ತನೆಯ ತರಗತಿಗೆ ಮುಂಚೆಯೇ ಇದನ್ನು ಸರಿಪಡಿಸುವುದು ಒಳ್ಳೆಯದು. ಸಿ.ಇ.ಟಿ. ಮೂಲಕ ವೃತ್ತಿಶಿಕ್ಷಣದ ಸೀಟು ಪಡೆದ ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಅಲ್ಪಸಂಖ್ಯಾತರ ಅಭಿವೃದ್ಧಿ ನಿಗಮದ ಅರಿವು ಸಾಲವಿದೆ.

ಮೀಸಲಾತಿಯ ವಿಷಯವನ್ನು ಸ್ಪಷ್ಟವಾಗಿ ತಿಳಿದಿರಬೇಕು. ಕರ್ನಾಟಕದಲ್ಲಿ ಕ್ರೈಸ್ತರು ಪ್ರವರ್ಗ 3ಬಿಯಲ್ಲಿದ್ದಾರೆ. ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಪ್ರವರ್ಗ-1ರಲ್ಲಿ. 1950ರ ರಾಷ್ಟ್ರಪತಿ ಆದೇಶ ದಲಿತ ಕ್ರೈಸ್ತರಿಗೆ ಪರಿಶಿಷ್ಟ ಜಾತಿಯ ಸ್ಥಾನ ನೀಡುವುದಿಲ್ಲ. ಧರ್ಮಸಭೆ ಈ ಅನ್ಯಾಯವನ್ನು ಪ್ರಶ್ನಿಸುತ್ತಾ ಬಂದಿದೆ. ಅದು ನಡೆಯುತ್ತಿರಲಿ, ಅಷ್ಟರಲ್ಲಿ ಇರುವ ಪ್ರವರ್ಗ-1ರ ಸೌಲಭ್ಯವನ್ನೂ ತಿಳಿಯದೆ ಮಕ್ಕಳು ಕಳೆದುಕೊಳ್ಳಬಾರದು. ಒಂದರಿಂದ ಹತ್ತರವರೆಗೆ ಗ್ರಾಮೀಣ ಶಾಲೆಯಲ್ಲಿ ಓದಿದವರಿಗೆ, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ಸಿ.ಇ.ಟಿ.ಯಲ್ಲಿ ಪ್ರತ್ಯೇಕ ಮೀಸಲಾತಿಯಿದೆ. ಶಾಲೆಯಿಂದ ಆ ಪ್ರಮಾಣಪತ್ರ ಬರೆಸಿಕೊಂಡು ಇಟ್ಟುಕೊಳ್ಳಿರಿ.

ಪದವಿ ಮುಗಿಸಿ 180 ದಿನ ಕಳೆದರೂ ಕೆಲಸ ಸಿಗದ, ಮುಂದಿನ ಓದಿಗೆ ಸೇರದ ಪದವೀಧರರಿಗೆ ಯುವನಿಧಿ ಯೋಜನೆಯಡಿ ತಿಂಗಳಿಗೆ 3,000 ರೂಪಾಯಿಯಂತೆ ಗರಿಷ್ಠ ಎರಡು ವರ್ಷದ ನೆರವನ್ನು ಸರಕಾರ 2024ರ ಜನವರಿಯಲ್ಲಿ ಆರಂಭಿಸಿತು. ಇದು ಕೆಲಸ ಹುಡುಕುವ ಕಾಲದ ಊರುಗೋಲು, ಕೆಲಸವಲ್ಲ.

ಕಾಲೇಜಿನ ದಿನಗಳು

ವಿದ್ಯಾರ್ಥಿ ಜೀವನವೆಂದರೆ ತರಗತಿ ಮಾತ್ರವಲ್ಲ. ಎನ್.ಎಸ್.ಎಸ್. ಶಿಬಿರ, ಎನ್.ಸಿ.ಸಿ., ಕ್ರೀಡೆ, ಗ್ರಂಥಾಲಯ - ಇವುಗಳಲ್ಲಿ ಒಂದಕ್ಕಾದರೂ ಸೇರಿದ ವಿದ್ಯಾರ್ಥಿ ಸಂದರ್ಶನದಲ್ಲಿ ತಲೆಯೆತ್ತಿ ಮಾತನಾಡುತ್ತಾನೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಮೊದಲ ಸೆಮಿಸ್ಟರ್ ಇಂಗ್ಲಿಷಿನಿಂದಾಗಿ ಭಾರವೆನಿಸುತ್ತದೆ. ಆ ಆರು ತಿಂಗಳು ಯಾರಾದರೂ ಜತೆಗೆ ನಿಂತರೆ ಮುಂದಿನದು ಹಗುರ. ಕಥೋಲಿಕ ವಿದ್ಯಾರ್ಥಿಗಳಿಗೆ 1924ರಲ್ಲಿ ಆರಂಭವಾದ ಐಕಫ್ ಎಂಬ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳ ಒಕ್ಕೂಟವೂ, ಧರ್ಮಕೇಂದ್ರಗಳಲ್ಲಿ ಐ.ಸಿ.ವೈ.ಎಂ. ಯುವ ಸಂಘಟನೆಯೂ ಇವೆ. ಚದುರಿದ ಹತ್ತೇ ಕುಟುಂಬಗಳಿರುವ ಕಡೆಯೂ ಮೂವರು ವಿದ್ಯಾರ್ಥಿಗಳು ಭಾನುವಾರ ಬಲಿಪೂಜೆಯ ಬಳಿಕ ಅರ್ಧ ಗಂಟೆ ಕುಳಿತು ಮಾತನಾಡಿದರೆ ಅದೇ ಸಂಘಟನೆ.

ಧರ್ಮಕೇಂದ್ರಗಳು ಮಾಡಬಹುದಾದದ್ದು

1. ಏಪ್ರಿಲ್, ಮೇ ತಿಂಗಳಲ್ಲಿ ಒಂದು ಭಾನುವಾರ ಪಿ.ಯು.ಸಿ. ಮುಗಿಸಿದ ಮಕ್ಕಳನ್ನೂ ಹೆತ್ತವರನ್ನೂ ಒಟ್ಟಿಗೆ ಕರೆದು ಮಾತನಾಡುವುದು.
2. ಧರ್ಮಕೇಂದ್ರದ ಕಚೇರಿಯಲ್ಲಿ ಆನ್‌ಲೈನ್ ಅರ್ಜಿ ತುಂಬಲು ಒಂದು ಕಂಪ್ಯೂಟರ್, ಅದನ್ನು ಬಲ್ಲ ಒಬ್ಬ ಯುವಕ ಅಥವಾ ಯುವತಿ.
3. ಈಗಾಗಲೇ ಪದವಿ ಓದುತ್ತಿರುವವರು ಹೊಸಬರೊಂದಿಗೆ ಮೊದಲ ದಿನ ಕಾಲೇಜಿಗೆ ಹೋಗುವುದು.
4. ಅರ್ಧಕ್ಕೆ ಬಿಟ್ಟವರ ಮನೆಗೆ ಭೇಟಿ. ಬೈಯಲು ಅಲ್ಲ, ಬಾಕಿ ವಿಷಯಗಳನ್ನು ಕಟ್ಟಿ ಮುಗಿಸಬಹುದೇ ಎಂದು ಕೇಳಲು.

ಎಲ್ಲ ಮಕ್ಕಳನ್ನೂ ಮಂಗಳೂರಿಗೆ ಕಳುಹಿಸುವುದೇ ಪರಿಹಾರ ಎಂಬ ಮಾತು ನಮ್ಮಲ್ಲಿ ಆಗಾಗ ಕೇಳಿಬರುತ್ತದೆ. ಹೋಗಬಲ್ಲವರು ಹೋಗಲಿ. ಆದರೆ ಹೋಗಲಾರದವರೇ ಹೆಚ್ಚು. ಅವರ ಊರಿನ ಸರಕಾರಿ ಕಾಲೇಜು, ಅವರ ಜಿಲ್ಲೆಯ ವಿಶ್ವವಿದ್ಯಾನಿಲಯ ಕಡಿಮೆಯದ್ದೇನೂ ಅಲ್ಲ. ಪದವಿಯ ಹೆಸರಿಗಿಂತ ಮುಖ್ಯವಾದದ್ದು ಅದನ್ನು ಮುಗಿಸುವುದು. ಸೇರಿಸುವ ದಿನ ಜತೆಗಿದ್ದ ನಾವು ಮುಗಿಯುವ ದಿನದವರೆಗೂ ಜತೆಗಿರೋಣ.

ಈ ವರ್ಷ ಕಾಲೇಜು ಸೇರುವ ಎಲ್ಲ ಮಕ್ಕಳನ್ನು ದೇವರು ಆಶೀರ್ವದಿಸಲಿ.

- ಸಂಪಾದಕರು